ಎಡಗೊಂಬು ಯಾರದು

ನಮ್ಮ ಕಣಿವೆಯಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯನ್ನು ಬಾಣದಿಂದ ಹೊಡೆದು ತಂದವನನ್ನು ಯಾರೂ ‘ಎಷ್ಟು ದೂರದಿಂದ ಹೊಡೆದೆ’ ಎಂದು ಮೊದಲು ಕೇಳುವುದಿಲ್ಲ. ‘ಕೂಗಿದ್ದು ಯಾರು?’ ಎಂದು ಕೇಳುತ್ತಾರೆ. ಬಂದೂಕಿನವರ ಮಾತು ಬೇರೆ. ಅವರು ಈ ಗುಡ್ಡದಲ್ಲಿ ಕೂತು ಆ ಗುಡ್ಡದ ಪ್ರಾಣಿಯನ್ನು ಹೊಡೆದು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಬಿಲ್ಲಿಗಾದರೆ ಗೂಳಿ, ಅಂದರೆ ಗಂಡು ಎಲ್ಕ್, ಮೂವತ್ತು ಹೆಜ್ಜೆಯೊಳಗೆ ಬರಬೇಕು. ಕುದುರೆಯಷ್ಟು ದೊಡ್ಡ ಮೈ, ತಲೆಯ ಮೇಲೆ ಆಳೆತ್ತರದ ಕವಲುಗೊಂಬು, ಮನುಷ್ಯನ ಬೆವರನ್ನು ಅರ್ಧ ಮೈಲಿಯಿಂದ ಹಿಡಿಯುವ ಮೂಗು. ಅಂಥದ್ದು ತಾನಾಗಿ ಹತ್ತಿರ ಬರುವುದಿಲ್ಲ. ಅದರ ಭಾಷೆಯಲ್ಲೇ ಕೂಗಿ ಕರೆಯಬೇಕು. ಹಾಗೆ ಕರೆಯುವವನನ್ನು ನಾವು ಕೂಗುಗಾರ ಅನ್ನುತ್ತೇವೆ.

ಆದ್ದರಿಂದಲೇ ನಮ್ಮಲ್ಲಿ ಫೋಟೊದಲ್ಲಿ ಇಬ್ಬರಿರುತ್ತಾರೆ. ಹೊಡೆದವರು ಬಲಗೊಂಬು ಹಿಡಿಯುತ್ತಾರೆ, ಕೂಗಿದವರು ಎಡಗೊಂಬು. ಐಡಾಹೊ ರಾಜ್ಯದ ಬೇರೆ ಕಡೆ ಹೇಗೋ ನನಗೆ ಗೊತ್ತಿಲ್ಲ, ನಮ್ಮ ಟಿಂಕರ್ ಹಳ್ಳದಲ್ಲಿ ಹೀಗೆ.

ನಮ್ಮಪ್ಪ ಆರ್ವಿಲ್ ಹ್ಯಾಡ್ಲಾಕ್‌ನ ಅಂಥ ಫೋಟೊಗಳು ಹತ್ತೊಂಬತ್ತು ಇವೆ. ಹತ್ತೊಂಬತ್ತರಲ್ಲೂ ಅವನೊಬ್ಬನೇ, ಎರಡೂ ಕೊಂಬು ಹಿಡಿದು ನಿಂತಿದ್ದಾನೆ. ಅದರಲ್ಲೊಂದು ಐಡೆಲ್ಲಾಳ ಮಾಂಸದಂಗಡಿಯಲ್ಲಿ ತಕ್ಕಡಿಯ ಮೇಲ್ಗಡೆ ತೂಗುತ್ತಿದೆ. ‘ಹೊಡೆದವನೂ ಕೂಗಿದವನೂ ಆರ್ವಿಲ್’ ಎಂದು ಕೆಳಗೆ ಬರೆದಿದೆ. ಊರಿಗೆ ಹೊಸದಾಗಿ ಬಂದವರು ಅದರ ಮುಂದೆ ನಿಂತು ತಲೆದೂಗುತ್ತಾರೆ.

ಆ ಫೋಟೊ ತೆಗೆದವಳು ನನ್ನ ಅಕ್ಕ ನೆಡ್ರಾ. ಆ ಗೂಳಿಯನ್ನು ಕೂಗಿದವಳೂ ಅವಳೇ. ಒಂದಲ್ಲ, ಹತ್ತೊಂಬತ್ತನ್ನೂ.

ಇದು ನನಗೆ ಹದಿನಾಲ್ಕನೇ ವಯಸ್ಸಿನಿಂದ ಗೊತ್ತು. ಆ ವರ್ಷ ನಾನು ಜೊತೆಯಲ್ಲಿದ್ದೆ, ಅಕ್ಕ ಕೂಗಿದ್ದನ್ನು ಕಿವಿಯಾರೆ ಕೇಳಿದ್ದೆ. ಅಂಗಡಿಯ ಅಂಗಳದಲ್ಲಿ ಜನ ಸೇರಿ ‘ಕೂಗಿದ್ದು ಯಾರು ಆರ್ವಿಲ್?’ ಎಂದಾಗ ಅಪ್ಪ ಎದೆ ತಟ್ಟಿಕೊಂಡು ‘ಇನ್ಯಾರು?’ ಅಂದ. ಅಕ್ಕ ಕ್ಯಾಮೆರಾ ಹಿಡಿದುಕೊಂಡು ನನ್ನ ಕಡೆ ನೋಡಿದಳು. ನಾನು ನನ್ನ ಬೂಟು ನೋಡಿಕೊಂಡೆ. ಅಪ್ಪ ಸತ್ತು ಹದಿನೆಂಟು ವರ್ಷವಾಯಿತು, ನನಗೀಗ ಐವತ್ತೇಳು, ಆ ಬೂಟು ಇನ್ನೂ ನನ್ನ ಕಣ್ಣ ಮುಂದಿದೆ. ಹೇಡಿತನ ಅಂದರೆ ಹೇಡಿತನವೇ, ಅದಕ್ಕೆ ವಯಸ್ಸಿನ ನೆಪ ಹೇಳಬಾರದು.

ಹೋದ ವರ್ಷ ಆಗಸ್ಟಿನಲ್ಲಿ ನಾನು ಕೊಟ್ಟಿಗೆಯಲ್ಲಿ ಕುದುರೆಗೆ ಲಾಳ ಹೊಡೆಯುತ್ತಿದ್ದೆ. ಅದೇ ನನ್ನ ಕಸುಬು. ಅಕ್ಕ ಒಳಗೆ ಬಂದಳು. ಅರವತ್ತಾರು ವರ್ಷ, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು. ಅವಳು ಒಂದು ಸಲ ಕನ್ನಡಿಯಲ್ಲಿ ನೋಡಿದರೆ ಸಾಕು, ಹಿಂದಿನ ಸೀಟಿನ ಪುಂಡರು ಕೈಕಟ್ಟಿ ಕೂರುತ್ತಿದ್ದರು. ಕೈಯಲ್ಲಿ ಬಿಲ್ಲಿತ್ತು.

“ಅಕ್ಟೋಬರ್ ಮೂರಕ್ಕೆ ಭುಜ ಕುಯ್ತಾರಂತೆ,” ಅಂದಳು. “ಆಮೇಲೆ ಬಿಲ್ಲು ಮುಟ್ಟೋ ಹಾಗಿಲ್ಲ ಅಂತ ಡಾಕ್ಟ್ರು ಖಡಾಖಂಡಿತ ಹೇಳಿದಾರೆ.”

“ಈಗ್ಲೂ ಮುಟ್ಟಬೇಡ ಅಂದಿರ್ಬೇಕಲ್ಲ?”

“ಅಂದ್ರು. ಈಗಿನದನ್ನ ನಾನು ಕೇಳಿಸ್ಕೊಳ್ಲಿಲ್ಲ.” ಬಿಲ್ಲನ್ನು ಗೋಡೆಗೆ ಒರಗಿಸಿದಳು. “ಮೂವತ್ತೊಂದು ಗೂಳಿ ಕರೆದಿದೀನಿ ಲೈಲ್. ಅಪ್ಪಂಗೆ, ನನ್ನ ಗಂಡಂಗೆ, ನಿಂಗೆ, ಕಂಡೋರಿಗೆ. ನನಗೆ ಅಂತ ಒಂದೂ ಇಲ್ಲ. ಈ ಸಲ ನಾನು ಹೊಡೀತೀನಿ. ನೀನು ಕೂಗು.”

ನಾನು ನಕ್ಕುಬಿಟ್ಟೆ. “ಅಕ್ಕ, ನಾನು ಕೂಗಿದ್ರೆ ಗೂಳಿ ಬರಲ್ಲ, ದನದ ಡಾಕ್ಟ್ರು ಬರ್ತಾನೆ.”

ಇದು ನಾನು ಕಟ್ಟಿದ ಮಾತಲ್ಲ. ನನ್ನ ಕೂಗಿನ ಬಗ್ಗೆ ಊರಲ್ಲೇ ಓಡಾಡುತ್ತಿದ್ದ ಮಾತು. ಗೂಳಿಯ ಕೂಗು ಕೆಳಗಿನಿಂದ ಎದ್ದು, ಮೆಟ್ಟಿಲು ಹತ್ತಿದಂತೆ ಏರಿ, ಮೇಲೆ ಸಿಳ್ಳೆಯಾಗಿ ನಿಂತು, ಆಮೇಲೆ ಗುರುಗುಟ್ಟುತ್ತಾ ಇಳಿಯಬೇಕು. ಅಂಗುಳಕ್ಕೆ ಒಂದು ರಬ್ಬರ್ ಪಟ್ಟಿ ಅಂಟಿಸಿಕೊಂಡು, ಉದ್ದ ಕೊಳವೆಯೊಳಗೆ ಊದುತ್ತೇವೆ. ನನ್ನದು ಎರಡನೇ ಮೆಟ್ಟಿಲಿಗೇ ಒಡೆದು ಕೀರಲಾಗುತ್ತದೆ.

ಅಕ್ಕನ ಸುದ್ದಿ ಕೇಳಿ ರಾಯ್ಸ್ ಟೆನ್ನಿ ತಾನೇ ಬಂದ. ರಾಯ್ಸ್ ಅಂದರೆ ಸಾಮಾನ್ಯನಲ್ಲ, ಕೂಗುವ ಸ್ಪರ್ಧೆಯಲ್ಲಿ ಮೂರು ವರ್ಷ ಕಪ್ಪು ಗೆದ್ದವನು. “ನೆಡ್ರಾ ಆಂಟಿ, ನಾನು ಕೂಗ್ತೀನಿ. ಒಂದೇ ದಿನದಲ್ಲಿ ಮುಗಿಸಿಬಿಡೋಣ,” ಅಂದ. ಅವನ ಮನಸ್ಸು ಒಳ್ಳೆಯದೇ, ಸ್ವಲ್ಪ ಎದೆ ಮುಂದೆ, ಅಷ್ಟೆ. ಅಕ್ಕ ಅವನಿಗೆ ಕಾಫಿ ಕೊಟ್ಟು, “ಬೇಡಪ್ಪ, ನನ್ನ ತಮ್ಮ ಇದಾನೆ,” ಎಂದು ಕಳಿಸಿದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಹಿತ್ತಲ ಗಿಡಕ್ಕೂ ತಾನು ಮದ್ದು ಅನ್ನುವ ನಂಬಿಕೆ ಇರಲಿಲ್ಲ.

ಆಮೇಲೆ ಪಾಠ ಶುರುವಾಯಿತು. ದಿನಾ ಸಂಜೆ ಅವಳ ಹಿತ್ತಲಲ್ಲಿ.

“ಮೊದಲನೇ ಪಾಠ, ಬಾಯಿ ಮುಚ್ಚೋದು,” ಅಂದಳು. “ಕೂಗೋಕೆ ಯಾರಿಗೆ ಬೇಕಾದ್ರೂ ಹೇಳಿಕೊಡಬಹುದು ಕಣೋ. ಕೂಗದೆ ಇರೋದನ್ನ ಹೇಳಿಕೊಡೋಕೆ ಆಗಲ್ಲ. ಗೂಳಿರಾಯ ಉತ್ತರ ಕೊಟ್ಟು, ನಿನ್ನ ಕಡೆ ಕಾಲು ಇಟ್ನೋ, ನೀನು ಸತ್ತಿದೀಯ ಅಂದ್ಕೋ.”

ಗೂಳಿ ಮೂಸುವುದಕ್ಕೆ ಬರುತ್ತದೆ, ನೋಡುವುದಕ್ಕಲ್ಲ. ಕೂಗಿದವನ ಕೆಳಗಾಳಿಗೆ, ಅಂದರೆ ಅವನ ವಾಸನೆಯನ್ನು ಗಾಳಿ ಒಯ್ಯುವ ಕಡೆಗೆ, ಸುತ್ತಿಕೊಂಡು ಬರುತ್ತದೆ. ಹಾಗಾಗಿ ಬಿಲ್ಲಿನವರು ಆ ದಾರಿಯಲ್ಲಿ ಮುಂದೆ ಕಾಯಬೇಕು, ಕೂಗುಗಾರ ಅರವತ್ತು ಹೆಜ್ಜೆ ಹಿಂದಿರಬೇಕು. ಗೂಳಿ ದೂರದಲ್ಲೇ ನಿಂತುಬಿಟ್ಟರೆ ಮತ್ತೆ ಕರೆಯಬಾರದು. ಬೆನ್ನು ತಿರುಗಿಸಿ ನಡೆಯಬೇಕು, ಕಡ್ಡಿ ಮುರಿಯಬೇಕು, ಕಲ್ಲು ಉರುಳಿಸಬೇಕು, ‘ನಾನು ಹೊರಟೆ’ ಅನ್ನಿಸಬೇಕು. “ಬಾ ಬಾ ಅಂದ್ರೆ ಯಾವ ಗಂಡಸೂ ಬರಲ್ಲ. ಹೋಗ್ತೀನಿ ಅಂದ್ರೆ ಓಡಿಬರ್ತಾನೆ,” ಅಂದಳು ಅಕ್ಕ. ಅವಳ ಗಂಡ ವರಾಂಡದಲ್ಲಿ ಕೂತು ಕೆಮ್ಮಿದ.

ಅವಳ ಭುಜದ ಸ್ಥಿತಿಯನ್ನು ಅಲ್ಲೇ ಕಂಡೆ. ಬಿಲ್ಲಿನ ಎಳೆತ ನಲವತ್ತು ಪೌಂಡಿನದು, ಕಾಯಿದೆ ಒಪ್ಪುವ ಕಡಿಮೆಯೆಂದರೆ ಅಷ್ಟು. ದಿನಕ್ಕೆ ಒಂದೇ ಸಲ ಎಳೆಯಬಲ್ಲಳು, ಹತ್ತು ಎಣಿಸುವಷ್ಟು ಹೊತ್ತು ಹಿಡಿಯಬಲ್ಲಳು. ಎರಡನೇ ಸಲ ಎಳೆಯಲು ಹೋದರೆ ಮುಖ ಸುಣ್ಣದ ಹಾಗಾಗುತ್ತಿತ್ತು. ಗೂಳಿ ಇಪ್ಪತ್ತೈದು ಹೆಜ್ಜೆಯೊಳಗೆ ಬಂದು, ಪಕ್ಕೆ ತೋರಿಸಿ ನಿಲ್ಲಬೇಕು. ಅಲ್ಲಿಗೆ ತಂದು ನಿಲ್ಲಿಸುವ ಕೆಲಸ ನನ್ನದು. ಸೆಪ್ಟೆಂಬರ್ ಮೂವತ್ತಕ್ಕೆ ಬಿಲ್ಲಿನ ಬೇಟೆಯ ಕಾಲ ಮುಗಿಯುತ್ತದೆ.

ಸೆಪ್ಟೆಂಬರ್ ಮೂರನೇ ವಾರ ಮೇಲಿನ ಕಾಡಿನಲ್ಲಿ ಡೇರೆ ಹಾಕಿದೆವು. ಎರಡನೇ ಬೆಳಿಗ್ಗೆಯೇ ನನಗೆ ಗೂಳಿ ಉತ್ತರ ಕೊಟ್ಟಿತು. ಎಂಥ ಕೂಗು ಅಂತೀರಿ! ಫರ್ ಮರಗಳ ನಡುವಿನಿಂದ ಎದ್ದು ಇಡೀ ಕಣಿವೆ ತುಂಬಿತು. ನಾನು ಕೂಗಿದೆ, ಅದು ಕೂಗಿತು. ನಾನು ಒಣಗಿದ ಗಿಡಕ್ಕೆ ಕೋಲಿನಿಂದ ಬಡಿದು ಕೊಂಬು ಉಜ್ಜಿದಂತೆ ಸದ್ದು ಮಾಡಿದೆ, ಅದೂ ಮಾಡಿತು. ಹೀಗೇ ಒಂದು ಗಂಟೆ. ಅಕ್ಕ ಮಾತ್ರ ಬಾಣ ಹೂಡಲಿಲ್ಲ. ಒಂದು ಬಿದ್ದ ಮರದ ಮೇಲೆ ಕೂತು ಸೇಬು ತಿನ್ನುತ್ತಿದ್ದಳು.

“ಅಕ್ಕ, ಬರ್ತಾ ಇದೆ! ಎದ್ದೇಳು!” ಅಂದೆ ಪಿಸುಮಾತಲ್ಲಿ.

“ಬರ್ಲಿ,” ಅಂದು ಇನ್ನೊಂದು ಕಚ್ಚು ಕಚ್ಚಿದಳು. ಎದುರಿನ ಪೊದೆ ಅಲುಗಿತು. ಆಗ ಅಕ್ಕ ಬಸ್ಸಿನ ಧ್ವನಿಯಲ್ಲಿ ಕೂಗಿದಳು, “ರಾಯ್ಸ್, ಬಿಲ್ಲು ಇಳಿಸು! ಅವನು ನನ್ನ ತಮ್ಮ!”

ಪೊದೆಯಿಂದ ಮುಖಕ್ಕೆ ಹಸಿರು ಬಳಿದುಕೊಂಡ ರಾಯ್ಸ್ ಟೆನ್ನಿ ಎದ್ದುನಿಂತ. ಮೊಣಕಾಲಿಗೆಲ್ಲ ಕೆಸರು.

“ನೀನಾ?” ಅಂದ.

“ನೀನಾ?” ಅಂದೆ.

“ನಾನು ಎರಡು ವರ್ಷದ ಹೋರಿ ಅಂದ್ಕೊಂಡಿದ್ದೆ ಮಾರಾಯ! ಕಾಲು ಮೈಲಿ ತೆವಳ್ಕೊಂಡು ಬಂದಿದೀನಿ!” ಅವನ ಮುಖ ನೋಡಬೇಕಿತ್ತು. ಅಕ್ಕ ನಕ್ಕು ನಕ್ಕು ಭುಜ ಹಿಡಿದುಕೊಂಡಳು.

ಅವನು ಬಟ್ಟೆ ಕೊಡವಿಕೊಂಡು ಹೋದ ಮೇಲೆ ನಾನು ರೇಗಿದೆ. “ಗೊತ್ತಿದ್ದೂ ಯಾಕೆ ಹೇಳಿಲ್ಲ? ಒಂದು ಗಂಟೆ ನನ್ನ ಕೋತಿ ಥರ ಕುಣಿಸಿದೀಯ!”

“ಮೊದಲನೇ ಕೂಗಿಗೇ ಗೊತ್ತಾಯ್ತು. ಅವನ ಗೂಳಿ ಪ್ರತಿ ಸಲ ಕೊನೇಲಿ ಮೂರು ಸಲ ಗುರುಗುಡುತ್ತೆ, ತೀರ್ಪುಗಾರರಿಗೋಸ್ಕರ. ಕಾಡಲ್ಲಿ ತೀರ್ಪುಗಾರರು ಎಲ್ಲಿದಾರೆ?” ಅಕ್ಕ ಸೇಬಿನ ತಿರುಳನ್ನು ಅಳಿಲಿಗೆ ಎಸೆದಳು. “ಹೇಳಿದ್ರೆ ನಿಂಗೆ ಬುದ್ಧಿ ಬರ್ತಿರಲಿಲ್ಲ ಲೈಲ್. ಮೂರು ಕಪ್ಪು ಗೆದ್ದವನು ನಿನ್ನನ್ನ ಗೂಳಿ ಅಂತ ನಂಬಿ ತೆವಳಿದಾನೆ. ಅವನು ಕೂಗಿದ್ರೆ ಅದು ಕೂಗು. ನೀನು ಕೂಗಿದ್ರೆ ಅದು ಮೀಸೆ ಚಿಗುರಿದ, ದನಿ ಒಡೆದ, ಹೆಣ್ಣು ಸಿಗದ ಹೋರಿ. ಸಾಕ್ಷಾತ್ ಅದೇ. ನಿಂಗೆ ನಟನೆ ಬರಲ್ಲ, ಅದಕ್ಕೇ ನಿನ್ನ ಕರೆದಿದ್ದು.”

ಹೊಗಳಿದಳೋ ತೆಗಳಿದಳೋ ಅಂತ ಸ್ವಲ್ಪ ಹೊತ್ತು ಯೋಚಿಸಿದೆ. ಆಮೇಲೆ, ನಿಜ ಹೇಳಬೇಕೆಂದರೆ, ಖುಷಿಯಾಯಿತು.

ಖುಷಿ ಎರಡು ದಿನ ಬಾಳಿತು. ಇಪ್ಪತ್ತನಾಲ್ಕರಂದು ಒಂದು ನಿಜವಾದ ಗೂಳಿ ನನ್ನ ಕೂಗಿಗೆ ಬಂದು, ಅಕ್ಕನಿಂದ ನಲವತ್ತು ಹೆಜ್ಜೆಯಲ್ಲಿ ನಿಂತಿತು. ಇನ್ನೇನು ಕಾಲು ಎತ್ತುತ್ತದೆ ಅಂತ ಅಕ್ಕ ಬಿಲ್ಲು ಎಳೆದಿದ್ದಳು. ನಾನು ತಡೆಯಲಾರದೆ ಮತ್ತೊಂದು ಸಲ ಕೂಗಿದೆ. ಗೂಳಿ ತಲೆಯೆತ್ತಿ ಸೀದಾ ನಾನಿದ್ದ ಜಾಗ ನೋಡಿತು. ಅಲ್ಲಿ ಹೋರಿ ಇರಲಿಲ್ಲ, ಟೊಪ್ಪಿ ಹಾಕಿದ ಲಾಳಗಾರನಿದ್ದ. ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಂಜೆ ಅಕ್ಕ ಕಾಫಿ ಲೋಟವನ್ನು ಎಡಗೈಯಲ್ಲಿ ಹಿಡಿದಳು, ಬಲಗೈ ಮೇಲೇಳಲಿಲ್ಲ. ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ಮೂರು ದಿನ ಸುಮ್ಮನಿದ್ರೆ ಇನ್ನೊಂದು ಸಲ ಎಳೀಬಹುದು,” ಅಂದಳು. “ಒಂದೇ ಸಲ.”

ಮೂರು ದಿನ ನಾನು ಒಬ್ಬನೇ ಗುಡ್ಡ ಸುತ್ತಿದೆ. ಕೊಳವೆ ಡೇರೆಯಲ್ಲೇ ಬಿಟ್ಟುಹೋಗಿದ್ದೆ, ಕೈ ಸುಮ್ಮನಿರಲ್ಲ ಅಂತ. ಬರ್ಚ್ ಹಳ್ಳದ ಮೇಲಿನ ಸಮತಟ್ಟು ಜಾಗದಲ್ಲಿ ಒಂದು ದೊಡ್ಡ ಗೂಳಿ ಹನ್ನೊಂದು ಹೆಣ್ಣುಗಳನ್ನು ಕಟ್ಟಿಕೊಂಡಿತ್ತು. ರಾಯ್ಸ್ ಎರಡು ಸಲ ಅದನ್ನು ಕೂಗಿದ್ದ. ಅವನ ಭಾರಿ ದನಿ ಕೇಳಿದ ಕೂಡಲೇ ಗೂಳಿ ತನ್ನ ಹೆಂಗಸರನ್ನು ಅಟ್ಟಿಕೊಂಡು ಮೇಲಕ್ಕೆ ಹೋಗಿಬಿಡುತ್ತಿತ್ತು.

“ಸಂಸಾರಸ್ಥ ಅವನು,” ಅಂದಳು ಅಕ್ಕ ಎಲ್ಲ ಕೇಳಿ. “ದೊಡ್ಡ ಪೈಲ್ವಾನ್ ಬಂದ್ರೆ ಜಗಳ ಯಾಕೆ ಅಂತ ಹೋಗ್ತಾನೆ. ಆದ್ರೆ ಮನೆ ಬಾಗಿಲಲ್ಲಿ ನಿನ್ನೆ ಮೊನ್ನೆ ಹುಟ್ಟಿದ ಹುಡುಗ ನಿಂತು ಸಿಳ್ಳೆ ಹೊಡೆದ್ರೆ? ಕಪಾಳಕ್ಕೆ ಕೊಡೋಕೆ ಬರ್ತಾನಾ ಇಲ್ವಾ?”

ಇಪ್ಪತ್ತೆಂಟರ ಬೆಳಿಗ್ಗೆ ಹೋದೆವು. ಬಿಸಿಲು ಬೀಳುವವರೆಗೆ ಗಾಳಿ ಕಣಿವೆಗೆ ಇಳಿಯುತ್ತದೆ. ಬಿಸಿಲು ಬಿದ್ದ ಮೇಲೆ ಗುಡ್ಡ ಹತ್ತುತ್ತದೆ. ನಡುವೆ ಅರ್ಧ ಗಂಟೆ ಗಾಳಿಗೆ ಬುದ್ಧಿ ಇರುವುದಿಲ್ಲ. ಅಷ್ಟರೊಳಗೆ ಮುಗಿಯಬೇಕು. ಅಕ್ಕ ನನಗಿಂತ ಅರವತ್ತು ಹೆಜ್ಜೆ ಮುಂದೆ, ಸ್ವಲ್ಪ ಕೆಳಗೆ, ಒಂದು ಮರಿ ಸ್ಪ್ರೂಸ್ ಮರದ ಮುಂದೆ ಮಂಡಿಯೂರಿದಳು. ಅವಳ ಕೆಳಗೆ ಕಡಿದಾದ ಬಂಡೆ. ನನ್ನ ವಾಸನೆಗೆ ಸುತ್ತಿ ಬರುವ ಗೂಳಿ ಅವಳಿಗೂ ಕೆಳಗೆ ಇಳಿಯುವಂತಿರಲಿಲ್ಲ. ಹೊರಡುವ ಮುಂಚೆ ನನ್ನ ಟೊಪ್ಪಿಯನ್ನು ಮೂಗಿನವರೆಗೆ ಎಳೆದು, “ಸುಮ್ಮನೆ ನೀನಾಗಿರು, ಸಾಕು,” ಅಂದಳು.

ನಾನು ಕೂಗಿದೆ. ಎರಡನೇ ಮೆಟ್ಟಿಲಿಗೇ ದನಿ ಒಡೆಯಿತು. ಈ ಸಲ ನಾಚಿಕೆಯಾಗಲಿಲ್ಲ.

ಮೇಲಿನಿಂದ ಬಂದ ಉತ್ತರ ಉತ್ತರವಲ್ಲ, ಬೈಗುಳ. ಕೊಂಬೆಗಳು ಮುರಿದವು, ಕಲ್ಲುಗಳು ಉರುಳಿದವು. ಗೂಳಿ ಬಂದೇ ಬಂತು, ಬಂದು ಅಕ್ಕನಿಂದ ಎಪ್ಪತ್ತು ಹೆಜ್ಜೆ ದೂರದ ಬಿದ್ದ ಮರಗಳ ಆಚೆ ನಿಂತಿತು. ಕೊಂಬಿನ ತುದಿಗಳು ಮಾತ್ರ ಕಾಣುತ್ತಿದ್ದವು. ಉಸಿರು ಹೊಗೆಯಾಗಿ ಏಳುತ್ತಿತ್ತು. ಕೊಳವೆ ನನ್ನ ತುಟಿಗೆ ತಾನಾಗಿ ಬಂದಿತ್ತು. ಒಂದು ಕೂಗು, ಒಂದೇ ಒಂದು ಸಣ್ಣ ಕೂಗು ಅಂತ ಮೈಯೆಲ್ಲ ಬೇಡುತ್ತಿತ್ತು. ನಾನು ಕೊಳವೆ ಇಳಿಸಿ, ಬೆನ್ನು ತಿರುಗಿಸಿ ನಡೆದೆ.

ಬೆನ್ನು ತಿರುಗಿಸುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹತ್ತು ಹೆಜ್ಜೆ, ಒಂದು ಕಡ್ಡಿ ಮುರಿದೆ. ಇಪ್ಪತ್ತು ಹೆಜ್ಜೆ, ಒಂದು ಕಲ್ಲು ಒದ್ದೆ. ಮೂವತ್ತಕ್ಕೆ, ದನಿ ಸಣ್ಣದಾಗಲಿ ಅಂತ ಕೊಳವೆಯ ತುದಿಯನ್ನು ಹೊಟ್ಟೆಗೆ ಒತ್ತಿಕೊಂಡು, ಗುಡ್ಡದ ಆಚೆಗೆ ಮುಖ ಮಾಡಿ, ಹೆದರಿ ಓಡುವ ಹುಡುಗನಂತೆ ಅರ್ಧ ಕೂಗು ಕೂಗಿದೆ. ಆಮೇಲೆ ಸತ್ತೆ. ಹಿಂದೆ ಗೊರಸಿನ ಸದ್ದು ಕೇಳಿತು, ಟಕ್, ಟಕ್, ನಿಧಾನಕ್ಕೆ, ಕೆಳಗಿನ ಕಡೆಗೆ ಸುತ್ತಿಕೊಂಡು. ನಿಂತಿತು. ನಾನು ಎಣಿಸತೊಡಗಿದೆ. ಅವಳು ಹತ್ತರವರೆಗೆ ಹಿಡಿಯಬಲ್ಲಳು. ಐದು. ಆರು. ಏಳು.

ಹಗ್ಗ ಕೊಡವಿದಂಥ ಒಂದು ಸಣ್ಣ ಸದ್ದು. ಆಮೇಲೆ ಓಟ, ಕಾಡು ಸೀಳಿದಂತೆ. ಆಮೇಲೆ ಏನೂ ಇಲ್ಲ.

ಆಗ ನನಗೆ ಹೊಳೆಯಿತು. ಕೂಗುಗಾರನಿಗೆ ಏನೂ ಕಾಣುವುದಿಲ್ಲ. ಬಾಣ ಹೋಗುವುದು ಕಾಣುವುದಿಲ್ಲ, ಗೂಳಿ ಬೀಳುವುದು ಕಾಣುವುದಿಲ್ಲ. ಅಕ್ಕ ಮೂವತ್ತೊಂದು ಗೂಳಿ ಕರೆದಿದ್ದಳು, ಮೂವತ್ತೊಂದು ಸಲ ಹೀಗೆ ಮರಗಳಿಗೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಅಂಗಳದಲ್ಲಿ ಕ್ಯಾಮೆರಾ ಹಿಡಿದಿದ್ದಳು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಅಕ್ಕನ ಹತ್ತಿರ ಹೋದಾಗ ಅವಳು ಮಂಡಿಯೂರಿಯೇ ಇದ್ದಳು. ಬಲಗೈ ಮಡಿಲಲ್ಲಿ ಬಿದ್ದಿತ್ತು. “ಇಪ್ಪತ್ತೆರಡು ಹೆಜ್ಜೆ,” ಅಂದಳು. “ನನ್ನ ನೋಡ್ಲೇ ಇಲ್ಲ ಕಣೋ. ನಿನ್ನನ್ನೇ ಹುಡುಕ್ತಾ ಇತ್ತು.” ಬಾಣ ತಗಲಿದ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಿದರೆ ದೂರ ಓಡಿಬಿಡುತ್ತದೆ, ಹಾಗಾಗಿ ಹಲ್ಲು ಕಚ್ಚಿಕೊಂಡು ಅರ್ಧ ಗಂಟೆ ಕಾದೆವು. ನೂರಿಪ್ಪತ್ತು ಹೆಜ್ಜೆಗೆ ಗೂಳಿ ಸಿಕ್ಕಿತು, ಮಲಗಿದ ಹಾಗೇ. ಆರೂ ಆರೂ ಹನ್ನೆರಡು ಕವಲು. ಅಕ್ಕ ಎಡಗೈಯನ್ನು ಅದರ ಕುತ್ತಿಗೆಯ ಮೇಲಿಟ್ಟು, ನಾನು ಅಲ್ಲಿದ್ದೇನೆ ಅನ್ನುವುದನ್ನೇ ಮರೆತು ತುಂಬ ಹೊತ್ತು ಕೂತಳು. ನಾನೂ ಮಾತಾಡಲಿಲ್ಲ. ಬಾಯಿ ಮುಚ್ಚುವ ಪಾಠ ಕಲಿತಾಗಿತ್ತು.

ಎರಡು ಹೇಸರಗತ್ತೆಗಳ ಮೇಲೆ ಮಾಂಸ ಇಳಿಸಿ ಮರುದಿನ ಐಡೆಲ್ಲಾಳ ಅಂಗಳಕ್ಕೆ ತಂದೆವು. ಗೂಳಿ ಬಿದ್ದರೆ ಆಳಿಗೊಂದು ಕಲ್ಲು ಅನ್ನುತ್ತಾರೆ, ನಮ್ಮೂರಲ್ಲಿ ಆಳಿಗೊಂದು ಮಾತು. ಅರ್ಧ ಊರು ಸೇರಿತು. ಐಡೆಲ್ಲಾ ಏಪ್ರನ್ನಿಗೆ ಕೈ ಒರೆಸುತ್ತಾ ಬಂದು, ಕೇಳಲೇಬೇಕಾದ್ದನ್ನು ಕೇಳಿದಳು.

“ಕೂಗಿದ್ದು ಯಾರು?”

“ನನ್ನ ತಮ್ಮ,” ಅಂದಳು ಅಕ್ಕ. ಜೋರಾಗಿ, ಬಸ್ಸಿನ ಧ್ವನಿಯಲ್ಲಿ. “ಈ ಲೈಲ್. ಇವನಿಲ್ದೆ ಇದ್ರೆ ಈ ಗೂಳಿ ಇಲ್ಲ.”

ನಕ್ಕವರು ಇಬ್ಬರು ಮೂವರು. ರಾಯ್ಸ್ ನಗಲಿಲ್ಲ. “ನಗಬೇಡ್ರೋ, ನಾನೇ ಇವನಿಗೆ ಮೋಸಹೋಗಿದೀನಿ,” ಅಂದು, ಫೋಟೊ ತೆಗೆಯಲು ಫೋನು ಹಿಡಿದು ಹಿಂದೆ ಸರಿದ. ಅಕ್ಕ ಬಲಗೊಂಬು ಹಿಡಿದು ನನ್ನ ಕಡೆ ನೋಡಿದಳು. “ಹಿಡ್ಕೊಳ್ಳೋ ಎಡಗೊಂಬು. ಏನು ನೋಡ್ತಿದೀಯ?”

ಹಿಡಿದೆ. ಐವತ್ತೇಳು ವರ್ಷದ ಗಂಡಸು, ಮೊದಲ ಸಲ. ಐಡೆಲ್ಲಾ ತಲೆಯಾಡಿಸಿ, “ಆರ್ವಿಲ್ ಇದ್ದಿದ್ರೆ ಎಷ್ಟು ಹೆಮ್ಮೆಪಡ್ತಿದ್ದ! ಎಂಥ ಕೂಗುಗಾರ! ನಿಮ್ಮಿಬ್ಬರಿಗೂ ಕಲಿಸಿ ಹೋದ,” ಅಂದಳು.

ಅಕ್ಕ ನನ್ನ ಕಡೆ ನೋಡಿದಳು, ನಲವತ್ತಮೂರು ವರ್ಷದ ಹಿಂದೆ ನೋಡಿದಳಲ್ಲ, ಹಾಗೆಯೇ. ಈ ಸಲ ನಾನು ಬೂಟು ನೋಡಿಕೊಳ್ಳಲಿಲ್ಲ.

“ಅಪ್ಪ ಕಲಿಸಲಿಲ್ಲ, ಐಡೆಲ್ಲಾ,” ಅಂದೆ. “ಅಪ್ಪನಿಗೆ ಕೂಗೋಕೆ ಬರ್ತಾನೇ ಇರ್ಲಿಲ್ಲ. ಒಳಗೆ ಆ ತಕ್ಕಡಿ ಮೇಲೆ ಇರೋ ಗೂಳಿನ ಕರೆದೋಳು ಇವಳು. ಮಿಕ್ಕಿದ್ದನ್ನ ಕರೆದೋಳೂ ಇವಳೇ. ನಾನು ಅಲ್ಲಿದ್ದೆ, ಕೇಳಿದೀನಿ. ಇಷ್ಟು ವರ್ಷ ಹೇಳಿಲ್ಲ, ಅದು ನನ್ನ ತಪ್ಪು. ಒಂದು ಎರಡಲ್ಲ...”

“ಸಾಕು ಬಿಡೋ, ಮಾಂಸ ಕೆಡುತ್ತೆ,” ಅಂದಳು ಅಕ್ಕ. ಆದರೆ ಅವಳ ತಲೆ ಮೇಲೆದ್ದಿತ್ತು, ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಕೊಂಬಿತ್ತು, ಇನ್ನೊಂದು ಏಳುತ್ತಿರಲಿಲ್ಲ. ಅದೇ ಹೊತ್ತಿಗೆ ರಾಯ್ಸ್ ಫೋಟೊ ತೆಗೆದ.

ಆ ಫೋಟೊ ಈಗ ತಕ್ಕಡಿಯ ಮೇಲೆ ಅಪ್ಪನ ಫೋಟೊದ ಪಕ್ಕದಲ್ಲಿದೆ. ಅಪ್ಪನದನ್ನು ಐಡೆಲ್ಲಾ ತೆಗೆಯಲು ಹೋದಳು, ಅಕ್ಕ ಬಿಡಲಿಲ್ಲ. ಕೆಳಗಿನ ಬರಹ ಮಾತ್ರ ಬದಲಾಗಿದೆ: ‘ಹೊಡೆದವನು ಆರ್ವಿಲ್, ಕೂಗಿದವಳು ನೆಡ್ರಾ’. ನಮ್ಮ ಫೋಟೊದಲ್ಲಿ ಅಕ್ಕ ಅಳುತ್ತಾ ನಗುತ್ತಿದ್ದಾಳೆ, ನನ್ನ ಬಾಯಿ ಇಷ್ಟಗಲ ತೆರೆದಿದೆ. ಹೊಸಬರು ನೋಡಿ, ಈ ಮನುಷ್ಯ ಫೋಟೊದಲ್ಲೂ ಗೂಳಿಯ ಹಾಗೆ ಕೂಗುತ್ತಿದ್ದಾನಲ್ಲ ಅಂತ ನಗುತ್ತಾರೆ. ನಾನು ತಿದ್ದಲು ಹೋಗುವುದಿಲ್ಲ. ನಾನು ಕೂಗುತ್ತಿದ್ದುದು ನಿಜ. ‘ಒಂದು ಎರಡಲ್ಲ, ಹತ್ತೊಂಬತ್ತು’ ಅಂತ ಕೂಗುತ್ತಿದ್ದೆ.